ಅಕ್ಕೋರ ಪಾಳಿ

ನಮ್ಮ ಶಾಲೆಯ ಪಿ.ಟಿ. ಅಕ್ಕೋರು ಹೋದ ತಿಂಗಳು ನಿವೃತ್ತರಾದರು. ಕಲಿಸುವ ಹೆಂಗಸರನ್ನು ಮೇಡಂ ಎನ್ನುವವರೇ ಈಗ ಗಂಗಾವತಿಯಲ್ಲೂ ಹೆಚ್ಚು. ಆದರೆ ಇವರನ್ನು ಮಾತ್ರ ಹೆಡ್‌ಮಾಸ್ತರರಿಂದ ಹಿಡಿದು ಗೇಟಿನ ಬಳಿ ಪೇರಲಹಣ್ಣು ಮಾರುವವಳವರೆಗೆ ಎಲ್ಲರೂ ಅಕ್ಕೋರು ಎಂದೇ ಕರೆದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಯ್ಯುತ್ತಾರೆ. "ಬೋರ್ಡಿನ ಮ್ಯಾಲೆ ಹೆಸರು ಬರಿಯೂದು ಗದ್ಲ ಮಾಡಿದವ್ರದ್ದು ಸರ" ಎಂಬುದು ಅವರ ಹಳೆಯ ಮಾತು.

ನಮ್ಮದು ಅನುದಾನಿತ ಪ್ರೌಢಶಾಲೆ. ವರ್ಗಾವಣೆಯ ಕಾಟವಿಲ್ಲ. ಹೀಗಾಗಿ ಗಣಿತದ ಮಾಸ್ತರನಾದ ನಾನೂ ಅವರೂ ಒಂದೇ ಸ್ಟಾಫ್‌ರೂಮಿನಲ್ಲಿ ಮುದುಕರಾದೆವು. ತಪ್ಪಾಯಿತು, ನಾನು ಮುದುಕನಾದೆ. ಅವರು ಕೊನೆಯ ದಿನವೂ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, ನಾವು ಎದುರಿಗೆ ಬಂದರೆ ದಾರಿ ಬಿಡಬೇಕೆನ್ನುವ ಹಾಗೆ ನಡೆಯುತ್ತ ಬಂದರು.

ಸೀಟಿಯನ್ನು ಅವರು ಕೊರಳಿಗೆ ಹಾಕಿಕೊಂಡವರಲ್ಲ. ಅದರ ದಾರವನ್ನು ಬಲಗೈಯ ಮಣಿಕಟ್ಟಿಗೆ ಸುತ್ತಿ, ಸೀಟಿಯನ್ನು ಅಂಗೈಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಯಾರಾದರೂ ಸಲ್ಲದ ಮಾತಾಡಿದರೆ ಆ ಮುಷ್ಟಿ ನಿಧಾನವಾಗಿ ಬಾಯಿಯ ಕಡೆಗೆ ಏಳುತ್ತಿತ್ತು. ಊದಿದ್ದು ಕಡಿಮೆ. ಮುಷ್ಟಿ ಎದ್ದರೆ ಮಕ್ಕಳಷ್ಟೇ ಅಲ್ಲ, ಸ್ಟಾಫ್ ಮೀಟಿಂಗಿನಲ್ಲಿ ನಾವೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೊಬ್ಬರು ಭಾಷಣದ ನಡುವೆ ಆ ಮುಷ್ಟಿ ಕಂಡು ಎರಡು ಪುಟ ಹಾರಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು 1997ರಲ್ಲಿ, ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಅಕ್ಕೋರು ನನಗಿಂತ ತುಸು ಮೊದಲೇ ಸೇರಿದ್ದರು. ಹೊಸ ಜಿಲ್ಲೆಯ ಮೊದಲ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯೊಬ್ಬಳು ಓಟದಲ್ಲಿ ಮೊದಲು ಬಂದಳು. ಶಾಲೆಯಲ್ಲಿ ಪೇಢಾ ಹಂಚಿದರು. ಎಲ್ಲರೂ ಹಿಗ್ಗಿನಲ್ಲಿದ್ದಾಗ ಅಕ್ಕೋರು ಪೇಢಾ ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿ ಬಂದರು.

"ನೀವು ಗಣಿತದವ್ರು, ಹೇಳ್ರಿ. ಹೋದ ವರ್ಷ ರಾಯಚೂರಾಗ ಈಕಿ ಆರನೇದಾಕಿ, ಈ ವರ್ಷ ಫಸ್ಟ್. ಓಡಿದ ಟೈಮ್ ಮಾತ್ರ ಅದ ಐತಿ. ಈಕಿ ಜೋರ್ ಆದ್ಳೋ, ಜಿಲ್ಲಾ ಸಣ್ಣದಾತೋ?"

"ಜಿಲ್ಲೆ ಸಣ್ಣದಾತ್ರಿ" ಎಂದೆ.

"ಹಂಗಾರ ಈ ಪೇಢಾ ಸರ್ಕಾರಕ್ಕ ಮುಟ್ಟಬೇಕ್ರಿ" ಎಂದು ಬಾಯಿಗೆ ಹಾಕಿಕೊಂಡರು.

ಇಷ್ಟು ಕೇಳಿ ಅವರಿಗೆ ಗೆಲುವು ಬೇಡವಾಗಿತ್ತು ಎಂದುಕೊಳ್ಳಬೇಡಿ. ಗೆಲುವಿನ ಹುಚ್ಚು ಅವರಿಗಿದ್ದಷ್ಟು ನಾನು ಯಾರಲ್ಲೂ ಕಂಡಿಲ್ಲ. ಮಕ್ಕಳನ್ನು ಕರೆದುಕೊಂಡು ಹೇಮಗುಡ್ಡಕ್ಕೆ ಹೋದಾಗ, ದುರ್ಗಮ್ಮನ ದರ್ಶನಕ್ಕೆಂದು ಬಂದ ನಾವು ಏದುಸಿರು ಬಿಡುತ್ತ ಹತ್ತುತ್ತಿದ್ದರೆ, ಇವರು ಮೇಲೆ ನಿಂತು ಗಡಿಯಾರ ನೋಡಿ ಒಬ್ಬೊಬ್ಬರಿಗೂ ಹೇಳುತ್ತಿದ್ದರು: "ನಿಮ್ದು ಹೆಡ್‌ಮಾಸ್ತರಕಿಂತ ತಡ ಆತ್ರಿ ಸರ." ದೇವಿಯ ಎದುರಿಗೂ ನನಗೆ ಅದೇ ಅವಮಾನ ತಲೆಯಲ್ಲಿ ಸುತ್ತುತ್ತಿತ್ತು.

ಇಂಥವರ ಪಾಲಿಗೆ ಚಿತ್ರಕಲೆ ಬಂದದ್ದು ಹೇಗೆಂದರೆ, ಡ್ರಾಯಿಂಗ್ ಮಾಸ್ತರರು ನಿವೃತ್ತರಾಗಿ ಆ ಹುದ್ದೆ ಖಾಲಿ ಉಳಿಯಿತು. ಆಟದವರಿಗೆ ಹೇಗೂ ಬಿಡುವು ಇರುತ್ತದೆ ಎಂಬ ಎಲ್ಲ ಶಾಲೆಗಳ ನಂಬಿಕೆಯಂತೆ ಆ ಪೀರಿಯಡ್ಡುಗಳನ್ನು ಇವರ ತಲೆಗೆ ಕಟ್ಟಿದರು. ಅಕ್ಕೋರಿಗೆ ಒಂದು ಮಾವಿನಹಣ್ಣು ಬರೆಯಲೂ ಬರುತ್ತಿರಲಿಲ್ಲ. ಅದನ್ನು ಅವರು ಮುಚ್ಚಿಡಲಿಲ್ಲ. ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು, ಕಾಂಪೌಂಡ್ ಗೋಡೆಗೆ ಬೆನ್ನು ಹಚ್ಚಿ ದೂರ ದೂರ ಕೂರಿಸಿದರು.

"ನನಗ ಬರಿಯಾಕ ಬರಂಗಿಲ್ಲ. ನಿಮಗ ಬರ್ತೈತಿ. ಕುಂತ ಜಾಗದಿಂದ ಏನ್ ಕಾಣಸ್ತೈತಿ ಅದನ್ನ ಬರೀರಿ. ಇಬ್ರುದು ಒಂದ ಥರ ಬಂದಿದ್ರ ಒಬ್ರು ಮೋಸ ಮಾಡೀರಿ ಅಂತ ಲೆಕ್ಕ."

ಅಷ್ಟೇ ಅವರು ಕಲಿಸಿದ ಚಿತ್ರಕಲೆ. ಅದರಿಂದ ಬಂದ ಚಿತ್ರಗಳನ್ನು ನೋಡಿ ನಾನು ಬೆರಗಾದೆ. ಒಬ್ಬ ನೀರಿನ ಟ್ಯಾಂಕಿನ ತಳವನ್ನು ಬರೆದಿದ್ದ. ಒಬ್ಬಳು ಪಕ್ಕದವಳ ಹೆಗಲ ಮೇಲೆ ಬಿದ್ದ ಜಡೆಯ ಒಂದೊಂದೇ ಹೆಣಿಕೆಯನ್ನು ಬರೆದಿದ್ದಳು. ಅಕ್ಕೋರು ಅವನ್ನೆಲ್ಲ ವರಾಂಡದ ಗೋಡೆಗೆ ಅಂಟಿಸಿದರು. ಗೋಡೆ ತುಂಬಿತು. ಆಗ ಶಾಲೆಗೆ ಇಂಟರ್‌ನೆಟ್ ಬಂದು, ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು. "ಗ್ವಾಡಿ ಸಾಲವಲ್ದು ಸರ. ಕುಷ್ಟಗಿ, ಯಲಬುರ್ಗಾ ಹುಡುಗರೂ ಹಚ್ಚುವಂಥಾ ಗ್ವಾಡಿ ಬೇಕು" ಎಂದರು.

ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ಹಳೆಯ ಶಿಷ್ಯ ಮಂಜುನಾಥ ಇಂಟರ್‌ನೆಟ್ಟಿನಲ್ಲಿ ಆ ಗೋಡೆ ಕಟ್ಟಿಕೊಟ್ಟ. ಊರವರೆಲ್ಲ ಕೂರುವ ಕಟ್ಟೆಯ ಹಾಗಿರಲೆಂದು 'ನಮ್ಮ ಕಟ್ಟಿ' ಎಂದು ಹೆಸರಿಟ್ಟೆವು. ಜಿಲ್ಲೆಯ ಆಗಿನ ನಾಲ್ಕೂ ತಾಲ್ಲೂಕುಗಳ ಶಾಲೆಯ ಮಕ್ಕಳು ಚಿತ್ರ, ಕತೆ, ಪದ್ಯ ಏನು ಬೇಕಾದರೂ ತಮ್ಮ ಮಾಸ್ತರರ ಫೋನಿನಿಂದ ಅದಕ್ಕೆ ಹಾಕಬಹುದಿತ್ತು. ಒಬ್ಬರದನ್ನು ಇನ್ನೊಬ್ಬರು ನೋಡಿ 'ಶಾಬಾಸ್' ಎಂಬ ಗುಂಡಿ ಒತ್ತಬಹುದಿತ್ತು. ಮೊದಮೊದಲು ಯಾರೂ ಬರಲಿಲ್ಲ. ಕಟ್ಟೆ ಬಣಬಣ ಎನ್ನುತ್ತಿತ್ತು.

ನಂಬರ್ ಹಚ್ಚೋಣ ಎಂದವರು ಅಕ್ಕೋರೇ. "ಸೀಟಿ ಊದದಿದ್ರ ಯಾರೂ ಓಡಂಗಿಲ್ರಿ" ಎಂದರು. ಎಷ್ಟು ಶಾಬಾಸ್ ಬಂದರೆ ಎಷ್ಟನೆಯ ಸ್ಥಾನ ಎಂಬ ಲೆಕ್ಕವನ್ನು ನಾನು ಹಾಕಿಕೊಟ್ಟೆ. ಮೊದಲ ಹತ್ತು ಮಂದಿಯ ಚಿತ್ರ ಮೊದಲ ಪುಟದಲ್ಲಿ. ಉಳಿದವರು ತಮ್ಮ ಪುಟ ತೆರೆದರೆ ಮೇಲೆಯೇ 'ನಿಮ್ಮ ನಂಬರ್' ಎಂದು ಕಾಣುತ್ತಿತ್ತು. ಒಂದೇ ತಿಂಗಳಲ್ಲಿ ಕಟ್ಟೆಯ ಮೇಲೆ ಕೂರಲು ಜಾಗವಿಲ್ಲದಂತಾಯಿತು. ನನ್ನ ಲೆಕ್ಕದ ಬಗ್ಗೆ ನನಗೆ ಬಹಳ ಹೆಮ್ಮೆ ಬಂತು ಎಂದು ಬೇರೆ ಹೇಳಬೇಕಿಲ್ಲ.

ಮೊದಲ ನಂಬರಿನಲ್ಲಿ ಕೂತವನು ಕಾರಟಗಿಯ ಶರಣಬಸವ ಎಂಬ ಹುಡುಗ. ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ರಾಶಿಯನ್ನು ಒಂದೇ ಹಳದಿ ಬಳಪದಲ್ಲಿ ಬರೆದಿದ್ದ. ನೋಡಿದರೆ ಮೈ ತುರಿಸಬೇಕು, ಅಂಥ ಚಿತ್ರ. ಶಾಬಾಸ್‌ಗಳು ರಾಶಿ ಬಿದ್ದವು. ಅವನು ಮುಂದಿನ ವಾರ ಸಂಜೆಯ ಹೊಟ್ಟಿನ ರಾಶಿ ಬರೆದ. ಅದರ ಮುಂದಿನ ವಾರ ಹೊಟ್ಟಿನ ರಾಶಿಯ ಮೇಲೆ ಹಕ್ಕಿ. ಎರಡನೆಯ ನಂಬರಿನವನೂ ಹೊಟ್ಟಿನ ರಾಶಿಗೆ ಕೈ ಹಾಕಿದ. ನೋಡನೋಡುತ್ತ ಕಟ್ಟೆಯ ತುಂಬ ಹೊಟ್ಟು ಹಾರಾಡತೊಡಗಿತು.

ಒಂದು ಮಧ್ಯಾಹ್ನ ಅಕ್ಕೋರು ಕಂಪ್ಯೂಟರಿನ ಮುಂದೆ ನಿಂತು, ಅವರು ಕೂತು ನೋಡಿದ್ದನ್ನು ನಾನು ಕಂಡಿಲ್ಲ, ಒಂದು ಚಿತ್ರಕ್ಕೆ ಬೆರಳಿಟ್ಟರು.

"ಇದು ಯಾವೂರಿಂದ ಸರ?"

"ಯಲಬುರ್ಗಾದ ಹುಡುಗೀದ್ರಿ."

"ಯಲಬುರ್ಗಾದಾಗ ಜ್ವಾಳ ಬೆಳಿತಾರ. ಭತ್ತದ ಹೊಟ್ಟು ಎಲ್ಲಿಂದ ಬಂತ್ರಿ? ಕುಂತ ಜಾಗದಿಂದ ಎಲ್ಲಾರಿಗೂ ಕಾರಟಗಿನ ಕಾಣಾಕತ್ತೈತಲ್ಲ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಓಡುವಾಗ ಪಕ್ಕದವರನ್ನು ನೋಡುವ ಹುಡುಗಿ ಮುಗ್ಗರಿಸುತ್ತಾಳೆ, ಇವರೆಲ್ಲ ಪಕ್ಕಕ್ಕೇ ನೋಡುತ್ತಿದ್ದಾರೆ ಎಂದು ಹೇಳಿ, ಮೈದಾನಕ್ಕೆ ಸುಣ್ಣದ ಗೆರೆ ಹಾಕಲು ಹೊರಟುಹೋದರು. ಅಂದಿನಿಂದ ಅವರಿಗೆ ಆ ನಂಬರಿನ ಮೇಲೆ ಅನುಮಾನ ಹತ್ತಿತ್ತು. ಆದರೆ ತೆಗೆದರೆ ಕಟ್ಟೆ ಮತ್ತೆ ಖಾಲಿಯಾದೀತು ಎಂಬ ಹೆದರಿಕೆ ಅವರಿಗೂ ಇತ್ತು, ನನಗೂ ಇತ್ತು.

ಆ ವರ್ಷದ ತಾಲ್ಲೂಕು ಕ್ರೀಡಾಕೂಟ ನಮ್ಮ ಮೈದಾನದಲ್ಲೇ ನಡೆಯಿತು. ಹುಲಿಹೈದರ ಆಗ ಗಂಗಾವತಿ ತಾಲ್ಲೂಕಿನಲ್ಲಿತ್ತು. ಅಲ್ಲಿಂದ ಖೋ ಖೋ ಆಡಲು ಬಂದ ಹುಡುಗಿಯರಲ್ಲಿ ಒಬ್ಬಳು, ಹುಲಿಗೆಮ್ಮ ಎಂದು ಹೆಸರು, ಆಟ ಮುಗಿದ ಮೇಲೆ ಅಕ್ಕೋರನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಸುತ್ತಿದ ಹಾಳೆಗಳ ಒಂದು ಕಟ್ಟು. ನಾನು ಪಕ್ಕದಲ್ಲಿ ಅಂಕ ಬರೆಯುತ್ತ ಕೂತಿದ್ದೆ.

"ಅಕ್ಕೋರ, ಕಟ್ಟಿ ನಿಮ್ದ ಅಲ್ರಿ? ನನ್ನ ನಂಬರ್ ಯಾವಾಗ ಬರ್ತೈತ್ರಿ?"

"ಎಷ್ಟೈತಿ ನಿನ್ನ ನಂಬರ್?"

"ಮೊದ್ಲ ನಲವತ್ತೊಂದಿತ್ರಿ. ಈಗ ಅರವತ್ತೆಂಟು ಆಗೈತಿ. ನಡುವ ಯಾರೋ ತೂರ್ಯಾರ್ರಿ."

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಮ್ಮ ಕಡೆ ನಂಬರ್ ಎಂದರೆ ಪಾಳಿ, ಸರದಿ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ನಂಬರ್ ಹಚ್ಚುತ್ತಾರೆ, ದವಾಖಾನೆಯಲ್ಲಿ ಚೀಟಿ ತಗೊಂಡು ನಂಬರ್ ಕಾಯುತ್ತಾರೆ. ಮುಂದಿನವರದು ಮುಗಿದಂತೆ ನಮ್ಮದು ಹತ್ತಿರ ಬರುತ್ತದೆ. ಈ ಹುಡುಗಿ ತನ್ನ ಪುಟದ ಮೇಲೆ 'ನಿಮ್ಮ ನಂಬರ್' ಎಂದು ಓದಿ, ತನ್ನ ಚಿತ್ರವನ್ನು ಮೊದಲ ಪುಟದಲ್ಲಿ ತೋರಿಸುವ ಸರದಿ ಎಂದು ತಿಳಿದು ತಿಂಗಳುಗಟ್ಟಲೆ ಕಾಯುತ್ತಿದ್ದಳು.

"ಆಮ್ಯಾಲೆ ಬ್ಯಾರೆ ಚಿತ್ರ ಹಾಕಿಲ್ಲೇನು?" ಎಂದು ಅಕ್ಕೋರು ಕೇಳಿದರು.

"ಇಲ್ರಿ. ಮೊದಲಿಂದು ಪಾಳಿ ಆಗಿಲ್ಲಲ್ರಿ. ಒಬ್ಬಾಕಿ ಎರಡು ಡಬ್ಬಿ ಇಟ್ರ ಹಿಂದಿನವ್ರು ಬೈತಾರ್ರಿ. ಮನ್ಯಾಗ ಬರ್ದು ಇಟ್ಟೀನಿ."

ಹಾಳೆಗಳನ್ನು ಬಿಡಿಸಿದಳು. ಎಲ್ಲವೂ ಕುರಿಗಳು. ಎಲ್ಲವೂ ಹಿಂದಿನಿಂದ. ಬಾಲಗಳು, ಉಣ್ಣೆಗೆ ಅಂಟಿದ ಮುಳ್ಳು, ಎದ್ದ ಧೂಳಿನಲ್ಲಿ ಅರ್ಧ ಮುಚ್ಚಿದ ಗೊರಸು. ಒಂದು ಕುರಿಯ ಮುಖವೂ ಇಲ್ಲ. ಅವಳ ಮನೆಯವರು ಕುರಿ ಸಾಕುವವರು, ರಜೆಯಲ್ಲಿ ಅವಳು ಹಿಂಡಿನ ಹಿಂದೆ ನಡೆಯುವವಳು. ಅವಳು ನಡೆಯುವ ಜಾಗದಿಂದ ಕುರಿ ಕಾಣುವುದು ಹಾಗೆಯೇ. ಅವಳ ಮೊದಲ ಚಿತ್ರವೂ ಅಂಥದ್ದೇ, ಮಕ್ಕಳು ಅದನ್ನು ನೋಡಿ ನಕ್ಕು ಮುಂದೆ ಹೋಗಿದ್ದರು. ಅದಕ್ಕೇ ಶಾಬಾಸ್ ಬಿದ್ದಿರಲಿಲ್ಲ.

ನಾನು ಮಾಸ್ತರನಲ್ಲವೆ, ತಿದ್ದಲು ಹೊರಟೆ. "ಹಂಗಲ್ಲ ತಂಗಿ, ನಂಬರ್ ಅಂದ್ರ…" ಎಂದು ಬಾಯಿ ತೆರೆದದ್ದಷ್ಟೇ. ಅಕ್ಕೋರ ಮುಷ್ಟಿ ಎದ್ದಿತು.

"ಯವ್ವಾ, ಮುಂದಿನ ಸೋಮವಾರ ನೋಡು. ನಿಂದು ಬರ್ತೈತಿ. ತೂರಿದವ್ರನ್ನ ನಾ ನೋಡ್ಕೊಂತೀನಿ" ಎಂದರು.

ಹುಡುಗಿ ಹಾಳೆ ಸುತ್ತಿಕೊಂಡು ತನ್ನ ತಂಡದ ಕಡೆ ಓಡಿದಳು. ಬಹುಮಾನ ಹಂಚುವುದು ಮುಗಿಯುತ್ತಲೇ ಅಕ್ಕೋರು ನನ್ನನ್ನು ಎಳೆದುಕೊಂಡು ಮಂಜುನಾಥನ ಅಂಗಡಿಗೆ ನಡೆದರು. "ಆ ಹುಡುಗಿ ತಿಳಕೊಂಡದ್ದು ಖರೇ ಆಗ್ಬೇಕು" ಎಂದರು. ಶಾಬಾಸ್ ಎಣಿಸುವ ಲೆಕ್ಕವನ್ನು ಕಿತ್ತು ಹಾಕಬೇಕು. ಬಂದವರು ಬಂದ ಸಾಲಿನಲ್ಲಿ ನಿಲ್ಲಬೇಕು, ಸಾಲು ಮಾತ್ರ ಇಷ್ಟು ದಿನ ಕಾದ ಆ ಹುಡುಗಿಯಿಂದ ಶುರುವಾಗಬೇಕು. ದಿನಕ್ಕೊಬ್ಬರ ಚಿತ್ರ ಇಡೀ ದಿನ ಮೊದಲ ಪುಟದಲ್ಲಿ. ಪಾಳಿ ಮುಗಿದವರು ಸಾಲಿನ ಹಿಂದಕ್ಕೆ. ಸೋಮವಾರದಿಂದ ಎಲ್ಲರ ನಂಬರೂ ದಿನಕ್ಕೊಂದು ಇಳಿಯಬೇಕು.

ನಾನು ಬಿಡಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂತು ಜಗಳಕ್ಕೇ ನಿಂತೆ. "ಒಂದು ಹುಡುಗಿ ತಪ್ಪು ತಿಳಕೊಂಡ್ಳು ಅಂತ ಇಡೀ ಕಟ್ಟಿ ತಿರುಗಿಸ್ತೀರೇನ್ರಿ? ಎರಡು ಮಾತಿನ್ಯಾಗ ಆಕಿಗೆ ತಿಳಿಸಿ ಹೇಳಿದ್ರ ಮುಗೀತು."

"ಏನ್ ಹೇಳ್ತೀರಿ ಆ ಎರಡು ಮಾತಿನ್ಯಾಗ? ಅರವತ್ತೇಳು ಮಂದಿ ನಿನಗಿಂತ ಛಲೋ ಅದಾರ ಅಂತ ಹೇಳ್ತೀರಿ? ಹೇಳ್ರಿ ನೋಡೋಣು."

ನನ್ನ ಬಳಿ ಇನ್ನೊಂದು ಬಾಣ ಉಳಿದಿತ್ತು. "ಹಂಗಾರ ಓಟದಾಗ ಯಾಕ ಫಸ್ಟ್ ಕೊಡ್ತೀರಿ? ಅಲ್ಲೂ ಪಾಳಿ ಹಚ್ಚರಿ."

ಅಕ್ಕೋರಿಗೆ ಸಿಟ್ಟು ಬರಲಿಲ್ಲ. ಸುಣ್ಣ ಮೆತ್ತಿದ ಬೆರಳಿನಿಂದ ಅಂಗಡಿಯ ನೆಲದ ಮೇಲೆ ಒಂದು ಗೆರೆ ಎಳೆದರು. "ಓಟದಾಗ ಗೆರಿ ಕಾಣಸ್ತೈತಿ ಸರ. ಎಲ್ಲಾರೂ ಇದ ಗೆರಿ ಮುಟ್ಟಬೇಕು. ಮೊದ್ಲು ಯಾರು ಮುಟ್ಟಿದ್ರು ಅಂತ ಕುರುಡನೂ ಹೇಳ್ತಾನ. ಚಿತ್ರಕ್ಕ ಗೆರಿ ಎಲ್ಲೈತಿ ತೋರಸ್ರಿ. ನೀವು ತೋರಿಸಿದ್ರ ಸೀಟಿ ನಾನ ಊದ್ತೀನಿ."

ಆ ಗೆರೆಯನ್ನು ನಾನು ಇಂದಿಗೂ ಹುಡುಕುತ್ತಿದ್ದೇನೆ. ಮಂಜುನಾಥ ಮಾತ್ರ ನಗುತ್ತ, "ಇದು ನಮ್ಮ ಕಾಲವಿ ನೀರಿನ ಪಾಳಿ ಇದ್ದಂಗಾತ್ರಿ" ಎಂದು ಕೆಲಸಕ್ಕೆ ಕೂತ. ಬೇರೇನು ಮಾರ್ಪಾಡಾದರೂ ಪರದೆಯ ಮೇಲಿನ ಮಾತು ಮೊದಲಿನದೇ ಉಳಿಯಿತು, 'ನಿಮ್ಮ ನಂಬರ್'. ಅದರ ಅರ್ಥವನ್ನಷ್ಟೇ ಅಕ್ಕೋರು ಹುಲಿಹೈದರದ ಹುಡುಗಿಗೆ ಒಪ್ಪಿಸಿಬಿಟ್ಟರು. ವರ್ಷಗಟ್ಟಲೆ ಮಕ್ಕಳ ತಪ್ಪುಗಳಿಗೆ ಕೆಂಪು ಗೀಟು ಹಾಕಿದವನು ನಾನು. ಒಂದು ಮಗುವಿನ ತಪ್ಪನ್ನು ಸರಿಯೆಂದು ಮಾಡುವುದಕ್ಕೆ ಲೋಕವನ್ನೇ ಆ ಕಡೆ ತಿರುಗಿಸಬಹುದು ಎಂದು ನನಗೆ ಎಂದೂ ಹೊಳೆದಿರಲಿಲ್ಲ. ಆ ಸಂಜೆ ಅಕ್ಕೋರನ್ನು ನೋಡಿ ನನಗೆ ಒಂದು ಬಗೆಯ ಭಯವೂ ಭಕ್ತಿಯೂ ಆಯಿತು.

ಸೋಮವಾರ ಮೊದಲ ಪುಟದಲ್ಲಿ ಹುಲಿಗೆಮ್ಮನ ಕುರಿಗಳು ಇಡೀ ದಿನ ಬೆನ್ನು ತೋರಿಸಿ ನಿಂತವು. ಮೊದಲು ನಕ್ಕು ಹೋಗಿದ್ದ ಮಕ್ಕಳೇ ಅಂದು ನೋಡಲೇಬೇಕಾಯಿತು, ನೋಡಲು ಬೇರೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುಷ್ಟಗಿಯ ಹುಡುಗನೊಬ್ಬ ಕೆಳಗೆ ಬರೆದ: "ನಮ್ಮ ಮುತ್ಯಾನ ಕುರಿ ಹಿಂಗ ಹೊಕ್ಕಾವ. ಮುತ್ಯಾಗ ತೋರಿಸ್ದೆ. ಎಡಗಡೆ ಕುರಿ ಕುಂಟತೈತಿ ಅಂದ." ಅವನ ಅಜ್ಜ ಹೇಳಿದ್ದು ಹೌದು, ಎಡಗಡೆಯ ಕುರಿ ಒಂದು ಕಾಲು ಎತ್ತಿ ಹಿಡಿದಿತ್ತು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಆಮೇಲೆ ಎಲ್ಲವೂ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿದ್ದಂತೆಯೇ ಅರ್ಧಕ್ಕರ್ಧ ಮಕ್ಕಳು ಬಿಟ್ಟು ಹೋದರು. ಶರಣಬಸವನೂ ಹೋದ. "ನನ್ನ ನಂಬರ್ ಕಸಗೊಂಡ್ರಿ" ಎಂದು ಒಂದೇ ಸಾಲು ಬರೆದು ಹೋದ. ಅಕ್ಕೋರು ಬಸ್ಸು ಹತ್ತಿ ಕಾರಟಗಿಗೆ ಹೋಗಿ ಅವನ ಮನೆಯಲ್ಲಿ ಚಹಾ ಕುಡಿದು ಬಂದರು. ಹುಡುಗ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಈ ವಿಷಯದಲ್ಲಿ ನಾನು ಪೂರ್ತಿ ಅಕ್ಕೋರ ಪಕ್ಷದವನಲ್ಲ. ಮೊದಲ ಸ್ಥಾನದ ಆಸೆಯಿಂದಲೇ ಕೈ ಹರಿತವಾಗುವ ಮಕ್ಕಳೂ ಇರುತ್ತಾರೆ, ಅವರಿಗೂ ಒಂದು ಜಾಗ ಬೇಕು. ಅವನು ಹೋದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಅಕ್ಕೋರಿಗೂ ಇತ್ತು. ಅವನ ಪಾಳಿಯ ದಿನ ಹೊಸ ಚಿತ್ರ ಬಾರದೆ ಮೊದಲ ಪುಟ ಖಾಲಿ ಇರುತ್ತಿತ್ತು. ಮೇಲೆ 'ಇಂದು ಕಾರಟಗಿಯ ಶರಣಬಸವನ ಪಾಳಿ' ಎಂದಷ್ಟೇ. ಕೆಳಗೆ ಬೆಳ್ಳಗಿನ ಜಾಗ, ಇಡೀ ದಿನ. ಹಿಂದಿನವರನ್ನು ಮುಂದೆ ತರೋಣ ಎಂದು ಮಂಜುನಾಥ ಹೇಳಿದಾಗ, "ಅವ ಬರ್ಲಿಲ್ಲ ಅಂತ ಅವನ ಪಾಳಿ ನಾವ್ ನುಂಗಾಕ ಬರ್ತೈತೇನು?" ಎಂದರು. ಅವನು ಹತ್ತನೆಯ ತರಗತಿ ಮುಗಿಸುವವರೆಗೂ ಸುತ್ತಿ ಸುತ್ತಿ ಆ ಖಾಲಿ ಪುಟ ಬರುತ್ತಲೇ ಇತ್ತು. ಅವನು ಬರಲಿಲ್ಲ. ನೋಡಿದನೋ ಇಲ್ಲವೋ ತಿಳಿಯದು. ನಾನಂತೂ ಪ್ರತಿ ಸಲವೂ ನೋಡಿದೆ.

ಬಿಟ್ಟು ಹೋದವರ ಜಾಗಕ್ಕೆ ಬೇರೆಯವರು ಬಂದರು, ಮೆಲ್ಲಗೆ, ಒಬ್ಬೊಬ್ಬರಾಗಿ. ಹೊಟ್ಟಿನ ರಾಶಿ ನಿಂತುಹೋಯಿತು. ಯಲಬುರ್ಗಾದ ಅದೇ ಹುಡುಗಿ ತನ್ನ ಅವ್ವ ಸಜ್ಜೆ ರೊಟ್ಟಿ ಬಡಿಯುವ ಕೈಯನ್ನು ಬರೆದು ಕಳಿಸಿದಳು. ಕಟ್ಟೆ ಇಂದಿಗೂ ಇದೆ, ಮೊದಲಿನಷ್ಟು ಗದ್ದಲವಿಲ್ಲ. ಈಗ ಅದನ್ನು ನೋಡಿಕೊಳ್ಳುವವಳು ಹುಲಿಗೆಮ್ಮ. ಕನಕಗಿರಿಯ ಬಳಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ.

ಬೀಳ್ಕೊಡುಗೆಯ ದಿನ ಅವಳೂ ಬಂದಿದ್ದಳು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಅಕ್ಕೋರು ಬೆಳಿಗ್ಗೆಯೇ ಚೆಂಡು, ಹಗ್ಗ, ಗಡಿಯಾರಗಳ ಜೊತೆಗೆ ಸೀಟಿಯನ್ನೂ ಶಾಲೆಗೆ ಒಪ್ಪಿಸಿಬಿಟ್ಟಿದ್ದರು. ಮಣಿಕಟ್ಟು ಬರಿದಾಗಿತ್ತು. ಎಲ್ಲರೂ ಊಟಕ್ಕೆ ಎದ್ದಾಗ ಹುಲಿಗೆಮ್ಮ ಸ್ಟಾಫ್‌ರೂಮಿಗೆ ಬಂದು ಫೋನು ಮುಂದೆ ಹಿಡಿದಳು. ಮೊದಲ ಪುಟ ಖಾಲಿ ಇತ್ತು. ಮೇಲೆ 'ಇಂದು ಅಕ್ಕೋರ ಪಾಳಿ' ಎಂದಿತ್ತು.

"ನಾ ಯಾವಾಗ ನಂಬರ್ ಹಚ್ಚಿದ್ನೇ ಯವ್ವಾ?"

"ನಾನ ಹಚ್ಚಿದ್ದೆರಿ ಅಕ್ಕೋರ. ನೀವು ರಿಟೈರ್ ಆಗೂ ದಿನ ನೋಡ್ಕೊಂಡು, ಅವತ್ತಿಗ ಬರೂವಂಗ ಎಣಿಸಿ ಸಾಲಿನ ಹಿಂದ ನಿಂದ್ರಿಸಿದ್ದೆ. ಯಾರ ನಡುವನೂ ತೂರಿಸಿಲ್ರಿ."

"ನನಗ ಬರಿಯಾಕ ಬರಂಗಿಲ್ಲಲ್ಲ."

"ಕುಂತ ಜಾಗದಿಂದ ಏನ್ ಕಾಣಸ್ತೈತಿ ಅದನ್ನ ಬರೀರಿ."

ಅಕ್ಕೋರು ಅಂದು ಕೂತರು. ನನ್ನ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು, ನನ್ನದೇ ಪೆನ್ಸಿಲಿನಿಂದ, ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದು ಬರೆಯತೊಡಗಿದರು. ಹೊರಗೆ ಊಟಕ್ಕೆ ಕರೆದರೂ ಏಳಲಿಲ್ಲ. ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿದರು.

ಓಡಿ ಬರುತ್ತಿರುವ ಹುಡುಗಿಯರು. ಕೈಕಾಲು ಕಡ್ಡಿಗಳಂತಿದ್ದವು, ಮುಖಗಳು ತೆಂಗಿನಕಾಯಿಯಂತಿದ್ದವು. ಆದರೆ ಎಲ್ಲರೂ ಎದುರಿನಿಂದ ಕಾಣುತ್ತಿದ್ದರು, ನೇರ ನಮ್ಮ ಕಡೆಗೇ ಬರುತ್ತಿದ್ದರು, ಒಬ್ಬೊಬ್ಬಳ ಬಾಯಿ ಒಂದೊಂದು ರೀತಿ ತೆರೆದಿತ್ತು. ಇಷ್ಟು ವರ್ಷ ಅವರು ನಿಂತದ್ದು ಓಟ ಮುಗಿಯುವ ಗೆರೆಯ ಈಚೆಗೆ. ಮಕ್ಕಳು ಅವರಿಗೆ ಕಂಡದ್ದು ಹೀಗೆ. ಹಳೆಯ ಚಾಳಿಯಂತೆ ಕೇಳಿದೆ.

"ಇದರಾಗ ಫಸ್ಟ್ ಯಾರ್ರಿ ಅಕ್ಕೋರ?"

ಸೀಟಿಯಿಲ್ಲದ ಆ ಮುಷ್ಟಿ ನಿಧಾನವಾಗಿ ಬಾಯಿಯ ಕಡೆಗೆ ಎದ್ದಿತು. ನಾನು ಬಾಯಿ ಮುಚ್ಚಿಕೊಂಡು ಚಿತ್ರ ನೋಡಿದೆ.